ಮಂಗನ ಕಾಯಿಲೆ: ಸಂಸದರು ಪ್ರಶ್ನೆ ಕೇಳಬೇಕಾದ್ದು ಮಳೆಗಾಲದಲ್ಲಿ

ಮಾನ್ಯ ಸಂಪಾದಕರೆ,

ಮಂಗನ ಕಾಯಿಲೆಯ ಬಗ್ಗೆ ಸಂಸತ್ತಿನಲ್ಲಿ ದನಿ ಎತ್ತಿ ಎಂದು ಮಲೆನಾಡಿನವರು ಸಂಸದರನ್ನು ಕೇಳುವುದು ಹೆಚ್ಚಾಗಿ ಜನವರಿ, ಫೆಬ್ರುವರಿಯಲ್ಲಿ. ಆಗ ಬಜೆಟ್ ಅಧಿವೇಶನ ನಡೆಯುತ್ತಿರುತ್ತದೆ, ತುರ್ತು ವಿಷಯ ಎತ್ತಲು ಇರುವ ಶೂನ್ಯವೇಳೆಯಲ್ಲಿ ಒಂದೆರಡು ನಿಮಿಷ ಸಿಕ್ಕರೂ ಸಿಗುತ್ತದೆ. ಸದನದಲ್ಲಿ ಕಾಯಿಲೆಯ ಹೆಸರು ಕೇಳಿಬಂದರೆ ಊರಿನವರಿಗೆ ಸಮಾಧಾನವೇ. ಆದರೆ ಶೂನ್ಯವೇಳೆಯಲ್ಲಿ ಆಡಿದ ಮಾತಿಗೆ ಸಚಿವರು ಅಲ್ಲಿಯೇ ಉತ್ತರ ಕೊಡಬೇಕೆಂಬ ಕಟ್ಟುಪಾಡಿಲ್ಲ. ಕಾಯಿಲೆಯ ಕಾಲವೂ ಅಷ್ಟರಲ್ಲಿ ಅರ್ಧ ಕಳೆದಿರುತ್ತದೆ. ಇದೇ ವಿಷಯವನ್ನು ಬೇರೆ ಸಮಯದಲ್ಲಿ, ಬೇರೆ ದಾರಿಯಲ್ಲಿ ಎತ್ತಿದರೆ ಸರ್ಕಾರ ಉತ್ತರ ಕೊಡದೆ ಬೇರೆ ದಾರಿಯಿಲ್ಲ. ಅದನ್ನು ವಿವರವಾಗಿ ಹೇಳಲೆಂದೇ ಈ ಪತ್ರ.

ಮೊದಲು ಉಣುಗಿನ ಲೆಕ್ಕ. ಈ ಕಾಯಿಲೆಯ ವೈರಸ್ಸನ್ನು ಮನುಷ್ಯರಿಗೆ ಹೆಚ್ಚಾಗಿ ದಾಟಿಸುವುದು ಉಣುಗಿನ ಮರಿ. ಮಳೆಗಾಲದಲ್ಲಿ ಬಲಿತ ಉಣುಗುಗಳು ದನಕರುಗಳ ಮೈ ಹತ್ತುತ್ತವೆ, ಮಳೆ ಹಿಂದೆ ಸರಿದ ಮೇಲೆ ಸಣ್ಣ ಹುಳುಗಳು ಹೊರಬರುತ್ತವೆ, ಅವು ಬೆಳೆದು ಮರಿಗಳಾಗಿ ನವೆಂಬರ್ ಡಿಸೆಂಬರಿನಿಂದ ಮೇ ತನಕ ಕಾಡಿನ ನೆಲದಲ್ಲಿ ಅವುಗಳ ಕಾಟ. ದರಗು (ಒಣಗಿ ಬಿದ್ದ ಎಲೆ) ಗುಡಿಸುವವರು, ಸೌದೆ ತರುವವರು, ದನ ಮೇಯಿಸುವವರು, ಅಡಿಕೆ ತೋಟದ ಕೂಲಿಗಳು ಕಾಡಿಗೆ ಹೋಗುವುದೂ ಇದೇ ತಿಂಗಳುಗಳಲ್ಲಿ. ಕಚ್ಚಿಸಿಕೊಂಡ 3ರಿಂದ 8 ದಿನಗಳಲ್ಲಿ ಒಮ್ಮೆಲೇ ಜ್ವರ, ಸಹಿಸಲಾಗದ ತಲೆನೋವು, ಮೈಕೈ ನೋವು ಶುರುವಾಗುತ್ತವೆ, ಕೆಲವರಿಗೆ ಒಸಡಿನಿಂದ, ಮೂಗಿನಿಂದ ರಕ್ತ. ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಇಲ್ಲ. ಹಾಗಾಗಿ ಲಸಿಕೆ, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಪರೀಕ್ಷೆಯ ವ್ಯವಸ್ಥೆ ಮೂರೂ ಅಕ್ಟೋಬರ್ ಮುಗಿಯುವುದರೊಳಗೆ ಸಿದ್ಧವಾಗಿರಬೇಕು. ದುಡ್ಡು, ಟೆಂಡರು, ಅನುಮತಿಗಳ ತೀರ್ಮಾನ ಆಗಸ್ಟಿನಲ್ಲೇ ಆಗಬೇಕು. ಮುಂಗಾರು ಅಧಿವೇಶನ ಸಾಮಾನ್ಯವಾಗಿ ನಡೆಯುವುದು ಜುಲೈ, ಆಗಸ್ಟಿನಲ್ಲಿ. ನಮ್ಮ ಸಂಸದರು ಪ್ರಶ್ನೆ ಕೇಳಬೇಕಾದ ಹೊತ್ತು ಅದು.

ಪ್ರಶ್ನೆಗಳಲ್ಲೆಲ್ಲ ದೊಡ್ಡದು ಲಸಿಕೆಯದು. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿಸಿಕೊಳ್ಳಬೇಕಿತ್ತು, 6ರಿಂದ 9 ತಿಂಗಳಲ್ಲಿ ಬೂಸ್ಟರ್, ಆಮೇಲೆ ವರ್ಷಕ್ಕೊಂದು. 1990ರಿಂದ 92ರ ಅಧ್ಯಯನದಲ್ಲಿ ಎರಡು ಡೋಸಿನ ಪರಿಣಾಮ ಶೇ 93.5 ಎಂದು ಬಂದಿತ್ತು. 2005ರಿಂದ 2010ರ ಅಂಕಿಅಂಶ ನೋಡಿದಾಗ ಅದು ಶೇ 62.4ಕ್ಕೆ ಇಳಿದಿತ್ತು, ಬೂಸ್ಟರ್ ಸೇರಿದರೆ ಶೇ 82.9. ಚುಚ್ಚಿದ ಜಾಗದ ನೋವಿಗೆ ಹೆದರಿ, ಕೂಲಿ ತಪ್ಪುವುದಕ್ಕೆ ಹೆದರಿ ಎರಡನೆಯ ಡೋಸಿಗೆ ಬಾರದವರು ಬಹಳ. 2022ರಲ್ಲಿ ಈ ಲಸಿಕೆ ಕೊಡುವುದೇ ನಿಂತಿತು. ಹೊಸದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ತಯಾರಿಸುತ್ತಿವೆ. 'ಲಸಿಕೆ ಯಾವಾಗ ಬರುತ್ತದೆ' ಎಂದು ಕೇಳಿದರೆ 'ಪ್ರಯತ್ನ ಪ್ರಗತಿಯಲ್ಲಿದೆ' ಎನ್ನುವ ಉತ್ತರವಷ್ಟೇ ಬರುತ್ತದೆ. ಕೇಳಬೇಕಾದ್ದು ಬೇರೆ. ಈ ರೋಗದ ಪ್ರಕರಣಗಳು ವರ್ಷಕ್ಕೆ ಕೆಲವು ನೂರರ ಆಸುಪಾಸು, ಅದೂ ಚದುರಿದ ಹಳ್ಳಿಗಳಲ್ಲಿ. ಇಷ್ಟು ಕಡಿಮೆ ಪ್ರಕರಣಗಳಿರುವಾಗ ಲಸಿಕೆ ರೋಗವನ್ನು ತಡೆಯುತ್ತದೆಂದು ಮೂರನೆಯ ಹಂತದ ಪ್ರಯೋಗದಲ್ಲಿ ತೋರಿಸಲು ಹಲವು ಹಂಗಾಮು ಬೇಕು. ರಕ್ತದಲ್ಲಿ ಮೂಡುವ ಪ್ರತಿಕಾಯದ ಮಟ್ಟವನ್ನೇ ಆಧಾರವಾಗಿಟ್ಟು ಅನುಮತಿ ಕೊಡಲು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಒಪ್ಪುತ್ತದೆಯೆ? ಒಪ್ಪುವುದಾದರೆ ಎಷ್ಟು ಮಟ್ಟ? ಲಸಿಕೆ ಬೇಕಾದವರು ಕೆಲವೇ ಜಿಲ್ಲೆಗಳ ಕಾಡಂಚಿನ ಜನ, ಕಂಪನಿಗೆ ಇದರಲ್ಲಿ ಲಾಭ ಕಾಣದು. ಇಂತಿಷ್ಟು ಡೋಸ್ ಕೊಳ್ಳುತ್ತೇವೆಂದು ಬರೆದುಕೊಡುವವರು ಯಾರು, ಕೇಂದ್ರವೊ ರಾಜ್ಯಗಳೊ? ಈ ಎರಡಕ್ಕೆ ಉತ್ತರ ಸಿಕ್ಕರೆ ಲಸಿಕೆಯ ಭವಿಷ್ಯ ಬಹುಪಾಲು ಗೊತ್ತಾದಂತೆ.

ಈಗ ಕೇಳುವ ಕ್ರಮ. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ ಪೂರ್ತಿ 15 ದಿನಗಳ ಮುಂಚೆ ಸೂಚನೆ ಕೊಡಬೇಕು. ಒಬ್ಬ ಸದಸ್ಯರು ಒಂದು ದಿನಕ್ಕೆ 5 ಸೂಚನೆಗಳವರೆಗೆ ಕೊಡಬಹುದು. ಪ್ರತಿ ಸಚಿವಾಲಯಕ್ಕೂ ವಾರದ ಒಂದು ದಿನ ಗೊತ್ತಾಗಿರುತ್ತದೆ, ಈಚಿನ ಅಧಿವೇಶನಗಳಲ್ಲಿ ಆರೋಗ್ಯಕ್ಕೆ ಲೋಕಸಭೆಯಲ್ಲಿ ಶುಕ್ರವಾರ, ರಾಜ್ಯಸಭೆಯಲ್ಲಿ ಮಂಗಳವಾರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, ಬರಹದಲ್ಲಷ್ಟೇ ಉತ್ತರ ಸಿಗುವ 230 ಚುಕ್ಕೆ ರಹಿತ ಪ್ರಶ್ನೆ. ಯಾವುದು ಮೇಲೆ ಬರುತ್ತದೆಂದು ತೀರ್ಮಾನವಾಗುವುದು ಚೀಟಿ ಎತ್ತಿ. ಚುಕ್ಕೆ ಗುರುತಿನದಾದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಕೇಳಿದವರು ಎರಡು ಉಪಪ್ರಶ್ನೆ ಹಾಕಬಹುದು. ಆದರೆ ಪ್ರಶ್ನೋತ್ತರ ವೇಳೆಯಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಪಟ್ಟಿಯ ಮೊದಲ ಕೆಲವಕ್ಕೆ ಮಾತ್ರ, ಗದ್ದಲವಾದರೆ ಅದೂ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಚುಕ್ಕೆ ರಹಿತ ಪ್ರಶ್ನೆಯನ್ನು ಕೀಳಾಗಿ ನೋಡಬಾರದು. ಟಿವಿಯಲ್ಲಿ ಮುಖ ಕಾಣಿಸದಿದ್ದರೂ ಲಿಖಿತ ಉತ್ತರ ಕಡತಕ್ಕೆ ಸೇರುತ್ತದೆ, ಸಂಸತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆದು ಓದಬಹುದು.

ಪ್ರಶ್ನೆ ಕೆಡುವುದು ಬರೆಯುವಾಗ. 'ಮಂಗನ ಕಾಯಿಲೆ ಹರಡುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೆ, ಬಂದಿದ್ದರೆ ಕೈಗೊಂಡ ಕ್ರಮಗಳೇನು' ಎಂದು ಬರೆದರೆ, 'ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯದ ವಿಷಯ' ಎಂಬ ಸಾಲಿನಿಂದಲೇ ಉತ್ತರ ಶುರುವಾಗುತ್ತದೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಆರೋಗ್ಯ ರಾಜ್ಯ ಪಟ್ಟಿಯ 6ನೆಯ ನಮೂದು, ನಿಜ. ಆದರೆ ಸಾಂಕ್ರಾಮಿಕ ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೆಯ ನಮೂದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ 2012ರಿಂದೀಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಂಡಿತು. ಐದು ರಾಜ್ಯಗಳಲ್ಲಿ ಕಂಡ ರೋಗವನ್ನು ರಾಜ್ಯದ ವಿಷಯವೆಂದು ಬದಿಗಿಡಲಾಗದು. ಇದನ್ನು ಪ್ರಶ್ನೆಯ ಮೊದಲ ಭಾಗದಲ್ಲೇ ಕಾಣಿಸಬೇಕು. ಉಳಿದ ಭಾಗಗಳಲ್ಲಿ ಕೇಂದ್ರದ ಕೈಯಲ್ಲೇ ಇರುವುದನ್ನು ಹಿಡಿಯಬೇಕು: ಐಸಿಎಂಆರ್ ಕೊಟ್ಟ ಹಣ ವರ್ಷವಾರು ಎಷ್ಟು, ಪ್ರಯೋಗ ಯಾವ ಹಂತದಲ್ಲಿದೆ, ಮುಂದಿನ ಹಂತ ಯಾವ ತಿಂಗಳಿಗೆ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಪ್ರತಿ ರಾಜ್ಯದಿಂದ ಬಂದ ಮಾದರಿ ಎಷ್ಟು, ವರದಿ ಕೊಡಲು ಹಿಡಿದ ದಿನ ಎಷ್ಟು. ಪ್ರಶ್ನೆ 150 ಪದ ಮೀರಬಾರದು, ವಿಶೇಷಣಗಳಿಗೆ ಅಲ್ಲಿ ಜಾಗವಿಲ್ಲ.

ಇನ್ನೊಂದು ತೊಡಕು, ಒಂದೇ ಪ್ರಶ್ನೆಯಲ್ಲಿ ಎಲ್ಲವನ್ನೂ ತುರುಕುವುದು. ಪ್ರಶ್ನೆ ಹೋಗುವುದು ಒಂದೇ ಸಚಿವಾಲಯಕ್ಕೆ. ಮಂಗ ಸತ್ತರೆ ಮೊದಲು ತಿಳಿಯುವುದು ಅರಣ್ಯ ಸಿಬ್ಬಂದಿಗೆ, ಶವಪರೀಕ್ಷೆ ಪಶುವೈದ್ಯರ ಕೆಲಸ, ಜ್ವರ ನೋಡುವುದು ಆರೋಗ್ಯ ಇಲಾಖೆ. ಮಂಗನ ಸಾವೇ ನಮಗೆ ಸಿಗುವ ಮುನ್ಸೂಚನೆ, ಆ ಸುದ್ದಿ ಪಕ್ಕದ ರಾಜ್ಯದ ಗಡಿ ಹಳ್ಳಿಗೆ ಎಷ್ಟು ದಿನಕ್ಕೆ ಮುಟ್ಟುತ್ತದೆ ಎನ್ನುವುದು ಪರಿಸರ ಸಚಿವಾಲಯಕ್ಕೆ ಕೇಳಬೇಕಾದ ಮಾತು. ದನಗಳ ಮೈಮೇಲಿನ ಉಣುಗು ನಿಯಂತ್ರಣ ಪಶುಸಂಗೋಪನೆಗೆ. ಡೆಪಾ ಎಣ್ಣೆಯ ಸೂತ್ರ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ರೂಪಿಸಿದ್ದು, ಅದರ ಬಗ್ಗೆ ರಕ್ಷಣಾ ಸಚಿವಾಲಯ. ಬಿಡಿಬಿಡಿಯಾಗಿ ಕೇಳಿದರೆ ಬಿಡಿಬಿಡಿ ಉತ್ತರಗಳು ಬರುತ್ತವೆ, ಅವನ್ನು ಪಕ್ಕಪಕ್ಕ ಇಟ್ಟಾಗ ಎಲ್ಲಿ ಕೊಂಡಿ ಕಳಚಿದೆಯೆಂದು ಕಾಣುತ್ತದೆ. ಶಿವಮೊಗ್ಗ, ಉತ್ತರ ಕನ್ನಡ, ಉಡುಪಿ ಚಿಕ್ಕಮಗಳೂರು, ಚಾಮರಾಜನಗರದ ಸಂಸದರು ಇದನ್ನು ಹಂಚಿಕೊಳ್ಳಬಹುದು. ವಯನಾಡು, ನೀಲಗಿರಿ, ಉತ್ತರ ಗೋವಾದವರನ್ನೂ ಜೊತೆಗೆ ಕರೆದರೆ ಪಕ್ಷದ ಮಾತು ಹಿಂದೆ ಸರಿಯುತ್ತದೆ.

ಉತ್ತರ ಬಂದ ಮೇಲಿನ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ಸಚಿವರು 'ಪರಿಶೀಲನೆಯಲ್ಲಿದೆ', 'ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು' ಎಂದರೆ ಅದು ಭರವಸೆಯ ಲೆಕ್ಕಕ್ಕೆ ಬರುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಸಚಿವಾಲಯದ ಅಧಿಕಾರಿಗಳನ್ನು ಕರೆಸಿ ಕೇಳಬಹುದು. 'ರಾಜ್ಯದ ವಿಷಯ' ಎಂಬ ಉತ್ತರಕ್ಕೆ ಈ ಹಿಡಿತ ಇಲ್ಲ, ಅದಕ್ಕೇ ಪ್ರಶ್ನೆಯ ಪದಗಳ ಮೇಲೆ ಇಷ್ಟು ಒತ್ತು ಕೊಡುತ್ತಿರುವುದು. ಪ್ರಶ್ನೆ ಪಟ್ಟಿಯಲ್ಲಿ ಬಾರದಿದ್ದರೆ ಲೋಕಸಭೆಯ 377ನೆಯ ನಿಯಮದಡಿ ವಿಷಯ ಪ್ರಸ್ತಾಪಿಸಬಹುದು, ಅದಕ್ಕೆ ಸಚಿವರಿಂದ ಲಿಖಿತ ಉತ್ತರ ಬರುತ್ತದೆ. ಆರೋಗ್ಯದ ಸ್ಥಾಯಿ ಸಮಿತಿ ಪ್ರತಿ ವರ್ಷ ಆರೋಗ್ಯ ಸಂಶೋಧನಾ ಇಲಾಖೆಯ ಅನುದಾನ ಬೇಡಿಕೆಯನ್ನು ಪರಿಶೀಲಿಸುತ್ತದೆ, ಐಸಿಎಂಆರ್ ಹಣದ ಮಾತು ಬರುವುದು ಅಲ್ಲಿ. ಬಜೆಟ್ ಅಧಿವೇಶನದಲ್ಲಿ ಮಾಡಬೇಕಾದ ಕೆಲಸ ಏನಾದರೂ ಇದ್ದರೆ ಅದು ಈ ಸಮಿತಿಯ ಸದಸ್ಯರಿಗೆ ವಿವರ ಒದಗಿಸುವುದು.

ಎಣ್ಣೆ ಹಂಚಿಕೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರ ಹುದ್ದೆ, ಆಂಬುಲೆನ್ಸ್, ಕಾಯಿಲೆ ಬಿದ್ದ ಕೂಲಿಕಾರರಿಗೆ ಪರಿಹಾರ, ಇವೆಲ್ಲ ವಿಧಾನಸಭೆಯಲ್ಲಿ ಕೇಳಬೇಕಾದ್ದು, ಅಲ್ಲಿನ ಹೊಣೆ ನಮ್ಮ ಶಾಸಕರದು. ಸಂಸದರಿಗೆ ಮನವಿ ಕೊಡುವ ಗ್ರಾಮ ಪಂಚಾಯಿತಿಗಳು, ಸಂಘಗಳು 'ಸದನದಲ್ಲಿ ಮಾತಾಡಿ' ಎಂದಷ್ಟೇ ಬರೆಯದೆ, ಮೇಲಿನ ಪ್ರಶ್ನೆಗಳನ್ನು 150 ಪದಗಳೊಳಗೆ ಬರೆದು ಜೂನ್ ತಿಂಗಳಲ್ಲೇ ಅವರ ಕಚೇರಿಗೆ ಮುಟ್ಟಿಸಲಿ. ಸೂಚನೆ ಕೊಟ್ಟ ದಿನಾಂಕ ಮತ್ತು ಬಂದ ಉತ್ತರದ ಪ್ರತಿಯನ್ನು ವಾಪಸ್ ಕೇಳಿ ಪಡೆಯಲಿ.

ಇತಿ,
ಕಾಡಂಚಿನ ಹಳ್ಳಿಗಳ ಕೆಲವು ಆರೋಗ್ಯ ಕಾರ್ಯಕರ್ತರು
ಶಿವಮೊಗ್ಗ ಜಿಲ್ಲೆ