ಪಕ್ಕದ ಟೆಂಟಿನ ಹಸಿರು ಟೋಪಿಯವರಿಗೆ

ಸ್ಟ್ರಾತ್‌ಪಫರ್ ರೇಸಿನಲ್ಲಿ ನಮ್ಮ ಪಕ್ಕದ ಟೆಂಟಿನಲ್ಲಿದ್ದ, ಹಸಿರು ಉಣ್ಣೆ ಟೋಪಿಯ ಹಿರಿಯರಿಗೆ ಈ ಧನ್ಯವಾದ. ಹೆಸರು ಕೇಳುವಷ್ಟರಲ್ಲಿ ಅವರು ತಮ್ಮ ಸರದಿಗೆ ಹೊರಟುಬಿಟ್ಟಿದ್ದರು.

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ ಜನವರಿಯಲ್ಲಿ ನಡೆಯುವ 24 ಗಂಟೆಗಳ ಮೌಂಟನ್ ಬೈಕ್ ರೇಸ್ ಇದು. ಸುಮಾರು 17 ಗಂಟೆ ಕತ್ತಲೆಯೇ. ನಮ್ಮದು ನಾಲ್ವರ ತಂಡ. ಒಬ್ಬರು ಸುತ್ತು ಮುಗಿಸಿ ಬಂದ ಮೇಲೆ ಇನ್ನೊಬ್ಬರು ಹೊರಡಬೇಕು. ರಾತ್ರಿಯಿಡೀ ಮಳೆ. ಮರಳು ಬೆರೆತ ಕೆಸರು ಬ್ರೇಕ್ ಪ್ಯಾಡ್‌ಗಳನ್ನು ತಿಂದುಹಾಕಿತ್ತು, ತಂದಿದ್ದವೆಲ್ಲ ಖಾಲಿ. ನನ್ನ ಸರದಿ ಹತ್ತಿರವಾಗಿತ್ತು. ಬೆರಳು ಮರಗಟ್ಟಿ ಒಂದು ಪಿನ್ ಕೂಡ ಹಿಡಿಯಲಾಗುತ್ತಿರಲಿಲ್ಲ. ಅಳು ಬರುವುದೊಂದು ಬಾಕಿ.

ಅವರು ಏನೂ ಕೇಳಲಿಲ್ಲ. ಬಗ್ಗಿ ನೋಡಿದರು, ತಮ್ಮ ಡಬ್ಬಿಯಿಂದ ಹೊಸ ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ) ಪ್ಯಾಡ್ ತೆಗೆದರು. ಕೆಸರಿನಲ್ಲಿ ಅಂಟುರಾಳದ ಮೆತ್ತನೆಯ ರೆಸಿನ್ ಪ್ಯಾಡಿಗಿಂತ ಇವೇ ಜಾಸ್ತಿ ಬಾಳಿಕೆ ಬರುತ್ತವೆ. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಸುರಿದು ನನ್ನ ಕೈಗಿಟ್ಟು, "ಮೊದಲು ಬೆರಳು ಕಾಯಿಸಿಕೋ, ಆಮೇಲೆ ಕುಡಿ" ಎಂದರು. ಟೈರ್ ಬಿಚ್ಚುವ ಲಿವರಿನಿಂದ, ಪ್ಯಾಡ್ ಒತ್ತುವ ಪಿಸ್ಟನ್‌ಗಳನ್ನು ನಿಧಾನಕ್ಕೆ ಹಿಂದಕ್ಕೆ ತಳ್ಳಿ, ಪ್ಯಾಡ್ ಕೂರಿಸಿ, ಪಿನ್ನಿನ ತುದಿ ಮಡಚಿದರು. ಚಕ್ರ ತಿರುಗಿಸಿ ಕಿವಿಗೊಟ್ಟರು. ಎಲ್ಲೋ ಸಣ್ಣಗೆ ಉಜ್ಜುತ್ತಿತ್ತು. ಸುಮ್ನೆ ಬಿಡಬಹುದಿತ್ತು ಅಲ್ವಾ? ಬಿಡಲಿಲ್ಲ. ಪ್ಯಾಡ್ ಕೂರುವ ಕ್ಯಾಲಿಪರ್ ಸಡಿಲಿಸಿ, ಸರಿಮಾಡಿ, ಮತ್ತೆ ಬಿಗಿದರು.

ದುಡ್ಡು ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿ, ಒಣಗಿದ ಗ್ಲೌಸ್ ಒಂದು ಜೊತೆ ಕೊಟ್ಟರು!

ಮೊದಲ ಇಳಿಜಾರಿನ ಒದ್ದೆ ಬಂಡೆಗಳ ಮೇಲೆ ಬ್ರೇಕ್ ಒತ್ತಿದೆ. ಹಿಡಿಯಿತು. ಅಲ್ಲಿಯವರೆಗೆ ಬಿಗಿಹಿಡಿದಿದ್ದ ಉಸಿರು ಆಗ ಬಿಟ್ಟೆ.

ಆ ರೇಸಿಗೆ ಹೋಗುವವರು ಅವರನ್ನು ಕಂಡರೆ ದಯವಿಟ್ಟು ತಿಳಿಸಿ: ಪ್ಯಾಡ್, ಗ್ಲೌಸ್ ಎರಡನ್ನೂ ಹಿಂದಿರುಗಿಸಲು ಕಾಯುತ್ತಿದ್ದೇನೆ.