ಸಪೂರದವರಿಗೂ ಬೊಜ್ಜು

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಕಡೆಯ ನಮ್ಮೂರಿನವರ ಮಾತಿನಲ್ಲಿ ಜನ ಎರಡೇ ತರ. ಒಂದೋ ಸಪೂರ, ಇಲ್ಲವೋ ತೋರ. ನನಗೆ ಐವತ್ತೆರಡು ವರ್ಷ, ತೂಕ 70 ಕೆ.ಜಿ. ಕೈಕಾಲು ಕಡ್ಡಿ. ಹಾಗಾಗಿ ಇಷ್ಟು ಕಾಲವೂ ಸಪೂರದ ಲೆಕ್ಕದಲ್ಲೇ ಇದ್ದೆ. ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಅದಕ್ಕೆ ಯಾರೂ ಬೊಜ್ಜು ಅನ್ನುವುದಿಲ್ಲ. ಮದುವೆ ಮನೆಯಲ್ಲಿ ಸಿಕ್ಕವರು, "ಈಗ ಸ್ವಲ್ಪ ಮೈಕೈ ತುಂಬಿದೆ ಮಾರಾಯ್ರೆ" ಅಂತ ಖುಷಿಪಡುತ್ತಾರೆ.

ಮೊನ್ನೆ ಆಶಾ ಕಾರ್ಯಕರ್ತೆ ಜೀವನಶೈಲಿ ರೋಗದ ಸರ್ವೆಗೆ ಬಂದರು. ಟೇಪನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಹೊಟ್ಟೆಯ ಸುತ್ತ ಹಿಡಿಯಲು ಹೇಳಿದರು. ನಾನು ಉಸಿರು ಒಳಗೆಳೆದು ನಿಂತೆ. "ಸುಮ್ನೆ ಉಸಿರು ಬಿಡಿ" ಅಂದಳು ಇವಳು. ಬಿಟ್ಟೆ. 97 ಸೆಂಟಿಮೀಟರ್! ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದಂತೆ.

ರಕ್ತ ಪರೀಕ್ಷೆ ಮಾಡಿಸಿದರೆ ಖಾಲಿಹೊಟ್ಟೆಯ ಶುಗರ್ 118. ಸಕ್ಕರೆ ಕಾಯಿಲೆಯ ಹೊಸಿಲು. ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್. ಒಂದು ಹನಿ ಕುಡಿಯದವನಿಗೆ ಇದೆಂಥದ್ದು? ಡಾಕ್ಟರ್ ಬಿಡಿಸಿ ಹೇಳಿದರು. ತೊಡೆಯ ಕೊಬ್ಬಿನಷ್ಟು ಸಾಧು ಅಲ್ಲ ಹೊಟ್ಟೆಯೊಳಗಿನ ಕೊಬ್ಬು. ಅದು ಕರಗಿ ನೇರ ಲಿವರಿಗೆ ಹೋಗುತ್ತದೆ, ಇನ್ಸುಲಿನ್ ಕೆಲಸ ಮಾಡದ ಹಾಗೆ ಮಾಡುತ್ತದೆ. ಬಿಪಿ, ಹೃದಯದ ತೊಂದರೆ, ರಾತ್ರಿಯ ಗೊರಕೆ, ಎಲ್ಲದಕ್ಕೂ ಅದರ ನಂಟು ಇದೆ.

ಬಂದದ್ದು ಹೇಗೆ ಅಂತ ನನಗೇ ಗೊತ್ತು. ಅಪ್ಪ ದಿನಕ್ಕೆ ನಾಲ್ಕು ಸಲ ತೋಟಕ್ಕೆ ಇಳಿದು ಹತ್ತುತ್ತಿದ್ದರು. ನಾನು ಜಗಲಿಯಲ್ಲಿ ಕೂತು ಮೊಬೈಲಿನಲ್ಲೇ ಪಂಪು ಚಾಲು ಮಾಡುತ್ತೇನೆ. ಪೇಟೆಗೆ ಅರ್ಧ ಕಿಲೋಮೀಟರ್, ಅದಕ್ಕೂ ಸ್ಕೂಟರ್. ಅನ್ನದ ರಾಶಿ ಮಾತ್ರ ಅಪ್ಪನ ಕಾಲದ್ದೇ. ಅದರ ಮೇಲೆ ಸಂಜೆ ಬೇಕರಿಯ ಪಫ್ಸ್, ಭಾನುವಾರ 'ಮಂದಿ' ಎಂಬ ಅರಬ್ಬಿ ಮಾಂಸದನ್ನ, ಮೇಲಿಂದ ಬಾಳೆಹಣ್ಣು-ಹಾಲಿನ ಶಾರ್ಜಾ ಶೇಕ್. 250 ಎಂಎಲ್ ಕೋಲಾ ಒಂದರಲ್ಲೇ ಸುಮಾರು 26 ಗ್ರಾಂ ಸಕ್ಕರೆ ಇದೆ. ಹೊರಗಿಂದ ಸೇರಿಸಿದ ಸಕ್ಕರೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

2016ರಲ್ಲಿ ಕೇರಳ ಸರ್ಕಾರ ಬ್ರ್ಯಾಂಡೆಡ್ ಹೋಟೆಲುಗಳ ಬರ್ಗರ್, ಪಿಜ್ಜಾ ಮೇಲೆ ಶೇ 14.5 'ಕೊಬ್ಬಿನ ತೆರಿಗೆ' ಹಾಕಿತ್ತು. ಮರುವರ್ಷ ಜಿಎಸ್‌ಟಿ ಬಂತು, ಅದು ಹೋಯಿತು. ಇದ್ದಿದ್ದರೂ ನಮ್ಮ ಪಫ್ಸಿಗೆ ಏನೂ ಆಗುತ್ತಿರಲಿಲ್ಲ ಬಿಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇರಳದ ಹೆಂಗಸರಲ್ಲಿ ಶೇ 38, ಗಂಡಸರಲ್ಲಿ ಶೇ 36 ಮಂದಿಗೆ ತೂಕ ಜಾಸ್ತಿ. ದೇಶದ ಲೆಕ್ಕ ಶೇ 24 ಮತ್ತು 23. ಅದೂ ತೂಕ, ಎತ್ತರ ನೋಡಿ ಹಾಕಿದ ಲೆಕ್ಕ. ನನ್ನಂಥ ಹೊಟ್ಟೆಯ ಸಪೂರದವರು ಅದರಲ್ಲಿ ಸಿಕ್ಕಿಬೀಳುವುದಿಲ್ಲ.

ನಾಲ್ಕೈದು ಕೆ.ಜಿ. ಇಳಿಸಿದರೂ ಶುಗರ್ ತಡೆಯಬಹುದು ಎಂದಿದ್ದಾರೆ ಡಾಕ್ಟರ್. ಈಗ ಪಂಪು ಹಾಕಲು ನಡೆದೇ ಹೋಗುತ್ತೇನೆ. ಹತ್ತುವಾಗ ಏದುಸಿರು ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ನನ್ನ ತಕರಾರು ಬೇರೆ. ಸರ್ವೆಯ ದಿನ ಸಿಕ್ಕಿದ ಮಾಹಿತಿ ಚೀಟಿ ಮಲಯಾಳದಲ್ಲಿತ್ತು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಪಂಚಾಂಗದ ಒಳಗೆ ಇಟ್ಟರು. ಕನ್ನಡ ಬಿಟ್ಟು ಬೇರೆ ಓದಲು ಬಾರದ ಹಿರಿಯರು ಕಾಸರಗೋಡು, ಮಂಜೇಶ್ವರ ತಾಲೂಕಿನಲ್ಲಿ ಎಷ್ಟು ಜನ ಇಲ್ಲ! ರಸ್ತೆಯ ಬೋರ್ಡಿಗೆ ಕನ್ನಡ ಬೇಕು ಅಂತ ಜಗಳ ಮಾಡುತ್ತೇವೆ, ಮಾಡಲೇಬೇಕು. ಈ ಚೀಟಿಗೂ ಬೇಕಲ್ವಾ? ಅದು ಬರುವವರೆಗೆ 90 ಮತ್ತು 80 ಎಂಬ ಎರಡು ಅಂಕಿಗಳನ್ನು ನಿಮ್ಮ ಪತ್ರಿಕೆಯ ಒಂದು ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ. ಕತ್ತರಿಸಿ ಕ್ಯಾಲೆಂಡರಿನ ಪಕ್ಕ ಅಂಟಿಸುತ್ತೇವೆ.

– ಒಬ್ಬ ಅಡಿಕೆ ಕೃಷಿಕ, ಬದಿಯಡ್ಕ