ಭಾನುವಾರದ ಕೂಟ: ಬೈಬಲ್ ಜೊತೆ ಒಂದು ಕಂಬಳಿಯೂ ಇರಲಿ

ಎಲ್ಲರಿಗೂ ನಮಸ್ಕಾರ.

ಆಗಮನ ಕಾಲದ (ಕ್ರಿಸ್ಮಸ್‌ಗೆ ಸಿದ್ಧವಾಗುವ ವಾರಗಳ) ನಮ್ಮ ಕೂಟ ಈ ಭಾನುವಾರ ಬಲಿಪೂಜೆ (ಮಾಸ್) ಆದ ಮೇಲೆ, 10 ಗಂಟೆಗೆ, ಚರ್ಚಿನ ಹಾಲ್‌ನಲ್ಲಿ. ಚಿಕ್ಕಮಗಳೂರಿನ ಸುತ್ತ ಈಗ ಕಾಫಿ ಕೊಯ್ಲು, ಎಲ್ಲರಿಗೂ ಕೆಲಸ ಜಾಸ್ತಿ, ಗೊತ್ತು. 11.30ಕ್ಕೆ ಮುಗಿಸುತ್ತೇವೆ.

ವಿಷಯ: ಮನುಷ್ಯಾವತಾರ, ಅಂದರೆ ದೇವರು ಯೇಸುವಾಗಿ ಮನುಷ್ಯರಾದದ್ದು. ಹೋದ ವಾರ ಒಬ್ಬ ಹುಡುಗ ಕೇಳಿದ, "ಬೇಲೂರಿನ ಗುಡಿಯಲ್ಲಿ ಕೆತ್ತಿರುವ ಅವತಾರಗಳ ಹಾಗೇನಾ?" ಒಳ್ಳೆ ಪ್ರಶ್ನೆ. ನಾನು ತಡವರಿಸಿದೆ. ಪದ ಒಂದೇ, ಅಲ್ವಾ? ಆದರೆ ನಮ್ಮ ನಂಬಿಕೆಯಲ್ಲಿ ಇದು ಒಂದೇ ಸಲ ನಡೆದದ್ದು. ನಮ್ಮ ಹಾಗೇ ನಿಜವಾದ ಮೈ. ಯೇಸುವಿಗೆ ಹಸಿವಾಯಿತು, ದಣಿವಾಯಿತು. ನಜರೇತಿನಲ್ಲಿ ಬಡಗಿ ಕೆಲಸ ಮಾಡಿದರು. ಗೆಳೆಯ ಲಾಜರ ಸತ್ತಾಗ ಅತ್ತರು. ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು 451ರಲ್ಲಿ ಕಾಲ್ಸಿಡಾನ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಹೇಳಿದ್ದು ಇವರ ಬಗ್ಗೆಯೇ.

ಯೋಹಾನನ ಸುವಾರ್ತೆ 1:14 ಓದಿಕೊಂಡು ಬನ್ನಿ. ದೇವರ ವಾಕ್ಯ ಮನುಷ್ಯರಾಗಿ ನಮ್ಮ ನಡುವೆ 'ವಾಸಮಾಡಿದರು' ಅನ್ನುವ ಕಡೆ ಮೂಲ ಗ್ರೀಕ್ ಪದಕ್ಕೆ 'ಗುಡಾರ ಹಾಕಿದರು' ಅನ್ನುವ ಅರ್ಥವಿದೆ. ನಮ್ಮ ಪಕ್ಕದಲ್ಲೇ ಬಂದು ಬಿಡಾರ ಹೂಡಿದ ಹಾಗೆ! ನನಗಂತೂ ಕೊಯ್ಲಿಗೆಂದು ದೂರದಿಂದ ಬಂದು ಲೈನ್ ಮನೆಗಳಲ್ಲಿ (ತೋಟದ ಕೆಲಸಗಾರರ ಸಾಲು ಮನೆಗಳಲ್ಲಿ) ಇರುವವರು ನೆನಪಾದರು.

ಅದಕ್ಕೇ ಕೂಟದ ನಂತರ ಹತ್ತಿರದ ಒಂದು ಲೈನಿಗೆ ಹೋಗೋಣ. ಕಂಬಳಿ, ಸ್ವೆಟರ್ ತನ್ನಿ. ಒಗೆದಿರಲಿ, ಹರಿದದ್ದು ಬೇಡ. ಸುಮ್ನೆ ಕೊಟ್ಟು ಫೋಟೊ ತೆಗೆದು ಬರುವುದಲ್ಲ, ಸ್ವಲ್ಪ ಹೊತ್ತು ಕೂತು ಮಾತಾಡಬೇಕು.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ, ಜೀಪಿಗೆ ಹೇಳಬೇಕು. ಬರೀ ಕೈ ಮುಗಿಯುವ ಎಮೋಜಿ ಹಾಕಿದರೆ ಬರುತ್ತೀರೋ ಇಲ್ಲವೋ ಗೊತ್ತಾಗುವುದಿಲ್ಲ!